ತೂಬು ಮುಚ್ಚಿದರೆ ಸಾಕೇ?

ಮಾತಾಡಿದವರು ಇಬ್ಬರು, ಇಬ್ಬರೂ ವೈದ್ಯರು. ಮಾವ ಮೈಸೂರು ಸೀಮೆಯವರು. ಕ್ಷಯದ ಆಸ್ಪತ್ರೆಗಳಲ್ಲೇ ನೌಕರಿ ಮುಗಿಸಿ ಈಗ ಮನೆಯಲ್ಲಿದ್ದಾರೆ. ಸೊಸೆ ಎಂದರೆ ಅವರ ಅಕ್ಕನ ಮಗಳು, ಬೆಂಗಳೂರಿನಲ್ಲಿ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ಮೈ ಕೊಯ್ಯದೆ, ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಚಿಕಿತ್ಸೆ ಮಾಡುವುದು ಅವಳ ಕಸುಬು. ಮಾತಿಗೆ ಕಾರಣ ಇಬ್ಬರಿಗೂ ಬೇಕಾದ ನೆಂಟರೊಬ್ಬರು. ಐವತ್ತು ದಾಟಿದವರು. ಎಂದೋ ಕ್ಷಯ ಬಂದಿತ್ತು, ಮಾತ್ರೆ ಮುಗಿಸಿ ವಾಸಿಯಾಗಿದ್ದರು. ಮೊನ್ನೆ ರಾತ್ರಿ ಕೆಮ್ಮು ಬಂದು ಬಚ್ಚಲಿಗೆ ಹೋದವರು ಬೊಗಸೆ ರಕ್ತ ಉಗುಳಿದ್ದಾರೆ. ಆಸ್ಪತ್ರೆಯಲ್ಲಿ ಔಷಧಿಗೆ ರಕ್ತ ನಿಂತಿದೆ. ಸಿ.ಟಿ. ಆಗಿದೆ. ಬಲಗಡೆ ಪುಪ್ಪುಸದ ಮೇಲಿನ ಹಾಲೆಯಲ್ಲಿ ಹಳೆಯ ಗುಳಿ, ಅದರೊಳಗೆ ಬೂಷ್ಟಿನ ಉಂಡೆ. ಮುಂದೇನು ಎಂದು ಮನೆಯವರು ಇಬ್ಬರನ್ನೂ ಕೇಳಿದ್ದಾರೆ. ಇಬ್ಬರೂ ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ನಾನು ಕೇಳಿಸಿಕೊಳ್ಳುವುದಕ್ಕೆ ಕೂತಿದ್ದವನು. ಅವರಾಡಿದ ಇಂಗ್ಲಿಷನ್ನು ಆದಷ್ಟು ಕನ್ನಡ ಮಾಡಿದ್ದೇನೆ, ಜಗಳವನ್ನು ಇದ್ದ ಹಾಗೇ ಬಿಟ್ಟಿದ್ದೇನೆ.

ಮಾವ: ಫೋನಿನಲ್ಲಿ ಅವರಿಗೆ ಏನಂದೆಯಂತೆ ನೀನು? ‘ಒಂದೆರಡು ಗಂಟೆ ಕೆಲಸ, ಹೊಲಿಗೆ ಇಲ್ಲ, ಮೂರು ದಿನಕ್ಕೆ ಮನೆಗೆ’ ಅಂತ. ಅಷ್ಟು ಸಲೀಸಾಗಿ ಹೇಳೋ ಕೆಲಸವೇನೇ ಅದು?

ಸೊಸೆ: ಹೆದರಿ ನಡುಗ್ತಿದ್ದರು ಮಾವ. ಹೇಳಿದ್ದರಲ್ಲಿ ಸುಳ್ಳಂತೂ ಇಲ್ಲ. ತೊಡೆಸಂದಿಯಲ್ಲಿ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಧಮನಿಗೆ ಸೂಜಿ ಹಾಕ್ತೀವಿ. ಅಲ್ಲಿಂದ ಕ್ಯಾಥೆಟರ್ ಮಹಾಪಧಮನಿಯೊಳಗೆ ಮೇಲಕ್ಕೆ ಹೋಗುತ್ತೆ. ಎದೆಯ ಐದನೇ, ಆರನೇ ಬೆನ್ನುಮೂಳೆಯ ಮಟ್ಟದಲ್ಲಿ ಬ್ರಾಂಕಿಯಲ್ ಧಮನಿಗಳು ಕವಲೊಡೀತವೆ. ಅವುಗಳ ಬಾಯಿಗೆ ತುದಿ ಕೊಟ್ಟು ಡೈ ಬಿಟ್ಟು ನೋಡ್ತೀವಿ. ಊದಿಕೊಂಡು, ಸುತ್ತಿಕೊಂಡು ಗುಳಿಯ ಕಡೆ ಹೊರಟ ನಾಳ ಕಂಡರೆ, ಇನ್ನೂ ಸಣ್ಣ ಕೊಳವೆ ಒಳಗೆ ಬಿಟ್ಟು ಪಾಲಿವಿನೈಲ್ ಆಲ್ಕೋಹಾಲಿನ ಕಣಗಳನ್ನ ಡೈನಲ್ಲಿ ಕಲಸಿ ಹಾಕ್ತೀವಿ. ನೋಡ್ತಾ ಇದ್ದ ಹಾಗೇ ಹರಿವು ನಿಧಾನ ಆಗುತ್ತೆ, ನಿಲ್ಲುತ್ತೆ. ರೋಗಿ ಎಚ್ಚರವಾಗೇ ಇರ್ತಾರೆ.

ಮಾವ: ಆಲ್ಕೋಹಾಲ್ ಅಂದರೆ ನಮ್ಮ ನೆಂಟರು ಮೇಜಿನಿಂದಲೇ ಎದ್ದು ಬಂದುಬಿಡ್ತಾರೆ.

ಸೊಸೆ: ಹೆಸರಲ್ಲಿ ಮಾತ್ರ. ಅದು ಪ್ಲಾಸ್ಟಿಕ್ ಜಾತಿಯ ಪುಡಿ.

ಮಾವ: ಸರಿ. ಗದ್ದೆಯ ಬದು ಒಡೆದಿದೆ, ನೀನು ಹೋಗಿ ಕೆರೆಯ ತೂಬು ಮುಚ್ಚಿ ಬಂದೆ. ನೀರು ನಿಂತಿತು, ಒಪ್ಪಿದೆ. ಬದು?

ಸೊಸೆ: ನೀರು ಹರೀತಿರುವಾಗ ಬದು ಕಟ್ಟೋದು ಹೇಗೆ ಮಾವ?

ಮಾವ: ಕಟ್ಟೋನು ಬರಬೇಕಲ್ಲ, ಅದು ನನ್ನ ಪ್ರಶ್ನೆ. ಇರಲಿ, ಅಲ್ಲಿಗೆ ಆಮೇಲೆ ಬರ್ತೀನಿ. ಮೊದಲು ರಕ್ತ ಎಲ್ಲಿಂದ ಬಂತು ಹೇಳು. ನಾವು ಓದಿದ್ದು ರಾಸ್ಮುಸೆನ್ನನ್ನ. ಡೆನ್ಮಾರ್ಕಿನವನು. 1868ರಲ್ಲೇ ತೋರಿಸಿದ್ದ, ಕ್ಷಯದ ಗುಳಿಯ ಗೋಡೆಯಲ್ಲಿ ಪಲ್ಮನರಿ ಧಮನಿಯ ಕವಲು ಸವೆದು, ಉಬ್ಬಿ, ಒಡೆಯುತ್ತೆ ಅಂತ. ನೀನು ಮಹಾಪಧಮನಿಯ ಕಡೆಯಿಂದ ಹೋಗಿ ಎಷ್ಟು ಮುಚ್ಚಿದರೂ ಅದು ನಿಲ್ಲಲ್ಲ.

ಸೊಸೆ: ಅದೇ ಆಗಿದ್ದರೆ ನಿಲ್ಲಲ್ಲ. ಆಗ ಹೃದಯದ ಬಲಗಡೆಯಿಂದ ಪಲ್ಮನರಿ ಧಮನಿಗೇ ಹೋಗಬೇಕು, ಹೋಗ್ತೀವಿ ಕೂಡ. ಆದರೆ ಅದು ನೂರಕ್ಕೆ ಐದರ ಆಸುಪಾಸು. ಜೋರಾಗಿ ರಕ್ತ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನಕ್ಕೆ ಮೂಲ ಬ್ರಾಂಕಿಯಲ್ ಧಮನಿ. ಪುಪ್ಪುಸಕ್ಕೆ ಎರಡು ಕಡೆಯಿಂದ ರಕ್ತ ಅಲ್ಲವಾ? ಶುದ್ಧಿಗೆ ಅಂತ ಬರೋದು ಹೃದಯ ತಳ್ಳೋ ಅಷ್ಟೂ ರಕ್ತ, ಆದರೆ ಒತ್ತಡ ಸರಾಸರಿ 15 ಮಿ.ಮೀ. ಪಾದರಸ. ಶ್ವಾಸನಾಳಗಳ ಪೋಷಣೆಗೆ ಅಂತ ಮಹಾಪಧಮನಿಯಿಂದ ಬರೋದು ನೂರಕ್ಕೆ ಒಂದು ಪಾಲು ಮಾತ್ರ. ಆದರೆ ಒತ್ತಡ ಅದರ ಆರು ಪಟ್ಟು. ಕ್ಷಯ ಮಾಸಿದ ಜಾಗದಲ್ಲಿ ಪಲ್ಮನರಿ ಕವಲುಗಳು ಮುಚ್ಚಿಹೋಗಿರ್ತವೆ. ಆ ಕೊರತೆ ತುಂಬೋಕೆ ಬ್ರಾಂಕಿಯಲ್ ಧಮನಿ ಬೆಳೆಯುತ್ತೆ. ಬುಡದಲ್ಲಿ ಒಂದೂವರೆ ಮಿಲಿಮೀಟರಿನ ಒಳಗೇ ಇರಬೇಕಾದದ್ದು ಎರಡು ದಾಟುತ್ತೆ. ಉರಿಯೂತ ಹೊಸ ನಾಳಗಳನ್ನ ಹುಟ್ಟಿಸುತ್ತಲೇ ಇರುತ್ತೆ. ಅವುಗಳ ಗೋಡೆ ತೆಳು. ಒಂದು ದಿನ ಕೆಮ್ಮಿದಾಗ ಕಿತ್ತುಕೊಳ್ಳುತ್ತೆ.

ಮಾವ: ಅದಕ್ಕೇ ಅಷ್ಟು ಕೆಂಪು. ಕೀಟ್ಸ್ 1820ರ ಫೆಬ್ರವರಿಯಲ್ಲಿ ಮೇಣದಬತ್ತಿ ತರಿಸಿ ಹಾಸಿಗೆ ಮೇಲಿನ ಹನಿ ನೋಡಿದ. ಧಮನಿಯ ರಕ್ತ ಅಂತ ಅವನೇ ಹೇಳಿದ; ವೈದ್ಯ ಓದಿದ್ದವನಲ್ಲವೇ. ಮುಂದಿನ ಫೆಬ್ರವರಿಗೆ ರೋಮಿನಲ್ಲಿ ತೀರಿಕೊಂಡ. ಅವನ ಡಾಕ್ಟರರು ಕೊಟ್ಟ ಚಿಕಿತ್ಸೆ ಏನು ಗೊತ್ತಾ? ಕೈಯಿಂದ ಇನ್ನಷ್ಟು ರಕ್ತ ತೆಗೆದದ್ದು.

ಸೊಸೆ: ಬಣ್ಣ ನೋಡಿ ತೀರ್ಮಾನಿಸೋ ಹಾಗಿಲ್ಲ ಮಾವ. ಗಾಳಿಗೂಡಿನಲ್ಲಿ ಬಿದ್ದ ಯಾವ ರಕ್ತವೂ ಕೆಂಪಾಗೇ ಬರುತ್ತೆ.

ಮಾವ: ಹೋಗಲಿ, ಅವನ ಊಹೆ ಸರಿಯಾಗಿತ್ತು ಅಂತಾದರೂ ಒಪ್ಪಿಕೋ.

(ಕ್ಷಯದಲ್ಲಿ ತೀರಿಕೊಂಡ ಲೇಖಕರ ಪಟ್ಟಿ ಮಾವನಿಗೆ ಬಾಯಿಪಾಠ. ಬಿಟ್ಟರೆ ಅಲ್ಲೇ ನಿಲ್ಲುತ್ತಿದ್ದರು. ಸೊಸೆ ಬಿಡಲಿಲ್ಲ.)

ಸೊಸೆ: ನಿಮ್ಮ ಸಲಹೆ ಏನು, ಅದನ್ನ ಹೇಳಿ.

ಮಾವ: ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಮಾತು. ಡೈ ಬಿಟ್ಟಾಗ ರಕ್ತ ಸೋರೋ ಜಾಗ ಕಣ್ಣಿಗೆ ಕಾಣುತ್ತಾ?

ಸೊಸೆ: ಹೆಚ್ಚಿನ ಸಲ ಕಾಣಲ್ಲ.

ಮಾವ: ಹಾಗಾದರೆ ಗುಮಾನಿಯ ಮೇಲೆ ಮುಚ್ಚೋದು.

ಸೊಸೆ: ಗುಮಾನಿ ಅಂದರೆ ಬರಿಗೈ ಗುಮಾನಿ ಅಲ್ಲ. ಸಿ.ಟಿ. ಆಂಜಿಯೋ ಯಾವ ಕಡೆ, ಯಾವ ನಾಳ ಅಂತ ಮೊದಲೇ ತೋರಿಸಿರುತ್ತೆ. ಬೇಕಾದರೆ ಬ್ರಾಂಕೋಸ್ಕೋಪಿ ಮಾಡಿರ್ತಾರೆ. ನಾಳ ದಪ್ಪ ಆಗಿರೋದು, ಗುಳಿ ಸುತ್ತ ಡೈ ಮೋಡ ಕಟ್ಟೋದು, ಧಮನಿಗೆ ಬಿಟ್ಟ ಡೈ ಪುಪ್ಪುಸದ ನಾಳಕ್ಕೆ ಕಳ್ಳದಾರಿಯಲ್ಲಿ ಇಳಿಯೋದು, ಇವೆಲ್ಲ ಗುರುತು. ಸೋರಿಕೆ ಕಂಡಮೇಲೇ ಮುಚ್ತೀನಿ ಅಂತ ಕೂತರೆ, ಆ ಸೋರಿಕೆ ಕಾಣೋ ಹೊತ್ತಿಗೆ ರೋಗಿ ಇರಲ್ಲ. ರಕ್ತ ಬಸಿದುಹೋಗಿ ಸಾಯೋರು ಇದರಲ್ಲಿ ಕಡಿಮೆ. ಉಸಿರು ಕಟ್ಟಿ ಸಾಯ್ತಾರೆ. ಗಂಟಲಿಂದ ಗಾಳಿಗೂಡಿನವರೆಗಿನ ದಾರಿ ತುಂಬೋಕೆ 150 ಮಿ.ಲೀ. ಸಾಕು. ಒಂದು ಕಾಫಿ ಲೋಟ.

ಮಾವ: ಅದು ನನಗೆ ನೀನು ಹೇಳಬೇಕಾಗಿಲ್ಲ. ವಾರ್ಡಿನಲ್ಲಿ ಕಂಡಿದ್ದೀನಿ. ಸಂಜೆ ನಗುನಗ್ತಾ ಮಾತಾಡಿದವನು ರಾತ್ರಿ ಎದ್ದು ಕೂತು, ಕೆಮ್ಮಿ, ಕೈ ತೋರಿಸಿ, ಹೋಗಿಬಿಡ್ತಿದ್ದ. ನಮ್ಮ ಕೈಲಿ ಇದ್ದದ್ದು ಮಾರ್ಫಿನ್, ಆಕ್ಸಿಜನ್, ರಕ್ತದ ಬಾಟಲಿ. ರಕ್ತ ಬರ್ತಿದ್ದ ಕಡೆ ಕೆಳಗಾಗೋ ಹಾಗೆ ಮಗ್ಗುಲು ಮಲಗಿಸಿ, ಒಳ್ಳೆ ಪುಪ್ಪುಸಕ್ಕೆ ಇಳಿಯದ ಹಾಗೆ ನೋಡ್ಕೊಳ್ತಿದ್ದೆವು. ಅಷ್ಟೇ.

ಸೊಸೆ: ಈಗಲೂ ಮೊದಲು ಮಾಡೋದು ಅದನ್ನೇ. ಜೊತೆಗೆ ಟ್ರನೆಕ್ಸಾಮಿಕ್ ಆಸಿಡ್ ಇದೆ.

ಮಾವ: ಅದು ಜಪಾನಿನ ಹೆಂಗಸಿನ ಕೊಡುಗೆ. ಉಟಾಕೊ ಒಕಾಮೊಟೊ, 1962. ಹೆರಿಗೆಯಲ್ಲಿ ರಕ್ತ ಸುರಿದು ಸಾಯೋ ತಾಯಂದಿರಿಗೋಸ್ಕರ ಹುಡುಕಿದ್ದು. ನಿನ್ನ ಇಡೀ ಕ್ಯಾಥ್ ಲ್ಯಾಬಿಗಿಂತ ಅದು ಹೆಚ್ಚು ಜೀವ ಉಳಿಸಿದ್ದರೆ ನನಗೆ ಆಶ್ಚರ್ಯ ಇಲ್ಲ.

ಸೊಸೆ: ನನಗೂ ಇಲ್ಲ. ಈಗ ನಿಮ್ಮ ಸಲಹೆ?

ಮಾವ: ಆ ಹಾಲೆ ತೆಗೆದುಬಿಡಬೇಕು. ಸರ್ಜನ್ ಕೈಗೆ ಕೊಡಬೇಕು. ಗುಳಿ, ಬೂಷ್ಟು, ನಿನ್ನ ಊದಿದ ನಾಳ, ಎಲ್ಲ ಒಟ್ಟಿಗೆ ಹೋಗುತ್ತೆ. ಒಂದೇ ಗುಳಿ, ಒಂದೇ ಕಡೆ, ಸುತ್ತಲಿನ ಪುಪ್ಪುಸ ಚೆನ್ನಾಗಿದೆ ಅಂದರೆ ಅದಕ್ಕಿಂತ ಪಕ್ಕಾ ಚಿಕಿತ್ಸೆ ಇಲ್ಲ. ಇದನ್ನ ನೀನೂ ಅಲ್ಲಗಳೆಯಲ್ಲ.

ಸೊಸೆ: ಚೆನ್ನಾಗಿದ್ದರೆ. ಅವರು ಮೂವತ್ತು ವರ್ಷ ಬೀಡಿ ಸೇದಿದವರು. ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳ್ಕೊಳ್ತಾರೆ. ಒಂದು ಹಾಲೆ ತೆಗೆದರೆ ಉಳಿದಿದ್ದು ಸಾಲುತ್ತಾ ಅಂತ ತಿಳಿಯೋಕೆ ಊದೋ ಪರೀಕ್ಷೆ ಮಾಡಿಸಬೇಕು. ಮೊನ್ನೆ ತಾನೇ ರಕ್ತ ನಿಂತಿರೋ ಮನುಷ್ಯನಿಗೆ ಜೋರಾಗಿ ಊದು ಅನ್ನೋಕಾಗಲ್ಲ. ಇನ್ನು ರಕ್ತ ಬರ್ತಿರುವಾಗಲೇ ತುರ್ತಾಗಿ ತೆರೆದರೆ ಏನಾಗುತ್ತೆ ನಿಮಗೆ ಗೊತ್ತು. ಹಳೆಯ ವರದಿಗಳಲ್ಲಿ ನೂರಕ್ಕೆ 40ರವರೆಗೂ ಸತ್ತ ಲೆಕ್ಕ ಇದೆ. ಕ್ಷಯದ ಪುಪ್ಪುಸ ಎದೆಗೂಡಿಗೆ ಅಂಟಿಕೊಂಡಿರುತ್ತೆ, ಬಿಡಿಸೋಕೆ ಹೋದಲ್ಲೆಲ್ಲ ರಕ್ತ. 1973ರ ಹೊತ್ತಿಗೆ ಫ್ರಾನ್ಸಿನ ಲೀಲ್ ಊರಿನಲ್ಲಿ ಜಾಕ್ ರೆಮಿ ಈ ಮುಚ್ಚೋ ವಿದ್ಯೆ ಶುರು ಮಾಡಿದ್ದೇ ಅಂಥವರಿಗಾಗಿ. ಸರ್ಜನ್ ಕೈಬಿಟ್ಟವರು, ಔಷಧಿಗೆ ನಿಲ್ಲದವರು. ಅವರನ್ನ ಹಾಗೇ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಜನ ಹೋಗ್ತಿದ್ದರು.

ಮಾವ: ತುರ್ತಿನ ಲೆಕ್ಕ ತಂದು ನನ್ನ ಬಾಯಿ ಮುಚ್ಚಿಸಬೇಡ. ಇವರಿಗೆ ಈಗ ರಕ್ತ ನಿಂತಿದೆ. ಪುರಸೊತ್ತಿನಲ್ಲಿ ಮಾಡೋ ಆಪರೇಷನ್ನಿಗೂ ಸಾವಿನ ಬಾಯಲ್ಲಿ ಮಾಡೋದಕ್ಕೂ ಅಜಗಜಾಂತರ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ನಿಮ್ಮ ರೇಡಿಯಾಲಜಿಯವರ ಹಳೆಯ ಕೈಚಳಕ.

ಸೊಸೆ: ಇವತ್ತು ನಿಂತಿದೆ. ಇವತ್ತು ರಾತ್ರಿ?

ಮಾವ ಇದಕ್ಕೆ ಕೂಡಲೇ ಉತ್ತರ ಕೊಡಲಿಲ್ಲ. ಬೂಷ್ಟಿನ ಉಂಡೆ ಇದ್ದವರಿಗೆ ಮೊದಲು ಚೂರು ರಕ್ತ, ಕೆಲವು ದಿನ ಬಿಟ್ಟು ಏಕಾಏಕಿ ಜೋರು, ಹೀಗಾಗುವುದನ್ನು ಕಂಡವರು ಅವರೇ. ಆದರೆ ಸೋತ ಮುಖವೂ ಅಲ್ಲ. ಬೇರೆ ಕಡೆಯಿಂದ ಬಂದರು.

ಮಾವ: ನೀನು ಹಾಕೋ ಕಣ ಎಷ್ಟು ದಪ್ಪ?

ಸೊಸೆ: 350ರಿಂದ 500 ಮೈಕ್ರಾನ್. ಅರ್ಧ ಮಿಲಿಮೀಟರಿನ ಒಳಗೆ. ಅದಕ್ಕಿಂತ ತೀರಾ ಸಣ್ಣದಾದರೆ ಎರಡು ವ್ಯವಸ್ಥೆಗಳ ನಡುವಿನ ಸಂದುಗಳಲ್ಲಿ ತೂರಿ ಆಚೆ ಹೋಗಿಬಿಡುತ್ತೆ, ಇಲ್ಲವೇ ಶ್ವಾಸನಾಳದ ಗೋಡೆಯನ್ನೇ ಸಾಯಿಸುತ್ತೆ. ದಪ್ಪ ಆದರೆ ಬುಡದಲ್ಲೇ ಕೂತು, ಹಿಂದಿನಿಂದ ಬೇರೆ ನಾಳ ರಕ್ತ ತರುತ್ತೆ.

ಮಾವ: ತಂತಿಯ ಸುರುಳಿ ಇದೆಯಲ್ಲ, ಕಾಯಿಲ್. ಅದನ್ನ ಬಾಯಲ್ಲೇ ಇಟ್ಟು ಗಟ್ಟಿ ಮುಚ್ಚಬಾರದಾ?

ಸೊಸೆ: ಸಾಧ್ಯವಾದಷ್ಟು ಹಾಕಲ್ಲ. ಬಾಯಿಗೆ ಕಾಯಿಲ್ ಕೂರಿಸಿದರೆ ಮುಂದಿನ ಸಲ ಒಳಗೆ ಹೋಗೋಕೆ ದಾರಿ ಇರಲ್ಲ.

ಮಾವ: ಮುಂದಿನ ಸಲ! ಕೇಳಿದಿರಾ? (ಇದು ನನ್ನ ಕಡೆ ತಿರುಗಿ.) ಮುಂದಿನ ಸಲ ಬಂದೇ ಬರ್ತಾನೆ ಅಂತ ಇವಳು ಮೊದಲನೇ ಸಲವೇ ದಾರಿ ಇಟ್ಕೊಂಡಿರ್ತಾಳೆ.

ಸೊಸೆ: ಇಟ್ಕೊಂಡಿರ್ತೀನಿ. ಅದನ್ನ ಮುಚ್ಚುಮರೆ ಮಾಡೋದಿಲ್ಲ. ಆ ಹೊತ್ತಿಗೆ ರಕ್ತ ನಿಲ್ಲೋದು ಬೇರೆಬೇರೆ ಕಡೆಯ ವರದಿ ಪ್ರಕಾರ ನೂರಕ್ಕೆ 70ರಿಂದ 99 ಜನಕ್ಕೆ. ಮತ್ತೆ ರಕ್ತ ಬರೋದು 10ರಿಂದ 57 ಜನಕ್ಕೆ. ಬೂಷ್ಟಿನ ಉಂಡೆ ಇದ್ದವರು ಆ ಮೇಲ್ಗಡೆಯ ಅಂಕಿಯ ಹತ್ತಿರ ಇರ್ತಾರೆ. ಯಾಕೆ ಅಂದರೆ ರೋಗ ಅಲ್ಲೇ ಇದೆ. ಪಕ್ಕೆಲುಬಿನ ನಾಳ, ಭುಜದ ಕಡೆಯ ನಾಳ, ಎದೆಗೂಡಿನ ಒಳಗಿನ ನಾಳ, ಯಾವುದು ಬೇಕಾದರೂ ಅಂಟಿಕೊಂಡ ಪೊರೆ ಹಾದು ಅಲ್ಲಿಗೆ ಹೊಸ ರಕ್ತ ತರಬಹುದು. ಬಂದರೆ ಮತ್ತೆ ಮುಚ್ತೀವಿ. ಎರಡನೇ ಸಲ, ಮೂರನೇ ಸಲ ಬಂದು ಹತ್ತಾರು ವರ್ಷ ಬದುಕಿದವರಿದ್ದಾರೆ.

ಮಾವ: ಬಂದು ಬದುಕಿದವರನ್ನ ನೀನು ನೋಡಿದೀಯ. ಬರಲಾರದವರನ್ನ ನೋಡೋದು ಯಾರು? ಆ ಮನುಷ್ಯ ಪಾವಗಡದಲ್ಲೋ ಯಳಂದೂರಿನಲ್ಲೋ ರಾತ್ರಿ ಹನ್ನೆರಡಕ್ಕೆ ರಕ್ತ ಕಾರಿಕೊಂಡರೆ ನಿನ್ನ ಮೇಜಿನವರೆಗೆ ಬರಬೇಕಲ್ಲ. ಕ್ಯಾಥ್ ಲ್ಯಾಬ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹೃದಯಕ್ಕೆ ಸ್ಟೆಂಟ್ ಹಾಕೋರು ಇದ್ದಾರೆ. ಈ ಕೆಲಸ ಬಲ್ಲವರು ಬೆಂಗಳೂರು, ಮಂಗಳೂರು ಅಂತ ದೊಡ್ಡ ಊರುಗಳಲ್ಲಿ. ಪ್ರಪಂಚದ ಕ್ಷಯದಲ್ಲಿ ಕಾಲು ಪಾಲು ನಮ್ಮ ದೇಶದ್ದು. ವಾಸಿಯಾದ ಮೇಲೆ ಗುಳಿ ಉಳಿದವರು ಹಳ್ಳಿಹಳ್ಳಿಯಲ್ಲಿದ್ದಾರೆ. ಒಂದು ಸಲ ಕೊಯ್ದು ಮುಗಿಸಿದರೆ ಅವರು ಊರಲ್ಲೇ ನೆಮ್ಮದಿಯಾಗಿ ಇರಬಹುದು. ನಿನ್ನ ಚಿಕಿತ್ಸೆ ಆಸ್ಪತ್ರೆ ಹತ್ತಿರ ಮನೆ ಇದ್ದವರ ಚಿಕಿತ್ಸೆ.

ಸೊಸೆ: ಎದೆ ತೆರೆದು ಹಾಲೆ ತೆಗೆಯೋ ಸರ್ಜನ್ ಯಳಂದೂರಿನಲ್ಲಿ ಇದ್ದಾರಾ?

ಮಾವ: ಇಲ್ಲ. ಆದರೆ ಅವನ ಹತ್ತಿರ ಒಂದೇ ಸಲ ಹೋಗೋದು.

ಸೊಸೆ: ಒಂದೇ ಸಲ, ಸರಿ. ಆದರೆ ಅಲ್ಲಿಂದ ಎದ್ದು ಬಂದರೆ. ಮಾವ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ‘ವಾಸಿ’ ಅಂತ ಕಾರ್ಡಿನಲ್ಲಿ ಬರೆದು ಕಳಿಸಿದವರೇ ಈಗ ನನ್ನ ಮೇಜಿಗೆ ಬರ್ತಿರೋದು. ಕಫದಲ್ಲಿ ಕ್ರಿಮಿ ಇಲ್ಲ, ಹಾಗಾಗಿ ವಾಸಿ. ಗುಳಿಯ ಬಗ್ಗೆ ಯಾರೂ ಏನೂ ಬರೀಲಿಲ್ಲ.

ಮಾವ: ಬೇಜಾರು ಯಾಕೆ, ನಿಜ ಅದು. ಬ್ರಿಟನ್ನಿನವರು 1968ರಲ್ಲೇ ಹೇಳಿದ್ದರು. ಕ್ಷಯ ಹೋಗಿ ಗುಳಿ ಉಳಿದ 544 ಜನರನ್ನ ನೋಡಿದರು. ಕಾಲು ಭಾಗದವರ ರಕ್ತದಲ್ಲಿ ಆಸ್ಪರ್ಜಿಲ್ಲಸ್ ಬೂಷ್ಟಿನ ವಿರುದ್ಧದ ಗುರುತು ಸಿಕ್ಕಿತು. ನಾವು ಓದಿದೆವು, ಮರೆತೆವು. ನಮಗೆ ಮುಂದಿನ ಹೊಸ ಕೇಸು ಕಾಯ್ತಿತ್ತು. ಅದಕ್ಕೇ ನಿನ್ನ ಹತ್ತಿರ ಇಷ್ಟು ಜಗಳ ಆಡ್ತಿರೋದು ಕಣೇ. ನಾವು ಮಾಡಿದ್ದನ್ನೇ ನೀನು ಇನ್ನೊಂದು ಯಂತ್ರ ಇಟ್ಕೊಂಡು ಮಾಡ್ತಿದೀಯ. ರಕ್ತ ನಿಂತಿತು, ಹಾಗಾಗಿ ಡಿಸ್ಚಾರ್ಜ್.

ಸೊಸೆ: ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರ್ತೀವಿ, ಎದೆರೋಗದ ವೈದ್ಯರನ್ನ ನೋಡಿ, ಸರ್ಜನ್ ನೋಡಿ ಅಂತ.

ಮಾವ: ಓದ್ತಾರಾ? ರಕ್ತ ಕಂಡಾಗ ಇರೋ ಭಯ ರಕ್ತ ನಿಂತ ಎರಡು ವಾರಕ್ಕೆ ಇರಲ್ಲ. ಕ್ಷಯದ ಮಾತ್ರೆಯಲ್ಲಿ ಇಡೀ ಆಯುಷ್ಯ ಇದನ್ನೇ ನೋಡಿದೀನಿ. ಎರಡನೇ ತಿಂಗಳು ಮೈ ಹಗುರ, ಊಟ ಸೇರುತ್ತೆ, ಮಾತ್ರೆ ಬಂದ್. ಹೋಗಲಿ ತಿಳಿಯದವರು ಅಂದ್ಕೊಂಡರೆ, ಚೆಕಾಫ್ ಡಾಕ್ಟರು. 1884ರಿಂದ ರಕ್ತ ಉಗುಳ್ತಿದ್ದ, ನಿಂತಾಗೆಲ್ಲ ಏನಿಲ್ಲ ಅಂತ ತಳ್ಳಿಹಾಕ್ತಿದ್ದ. 1897ರಲ್ಲಿ ಮಾಸ್ಕೋದ ಹೋಟೆಲಿನಲ್ಲಿ ಊಟದ ಮೇಜಿನ ಮುಂದೆಯೇ ಸುರಿದಾಗ ಆಸ್ಪತ್ರೆಗೆ ಸೇರಿದ. ನೀನು ರಕ್ತ ನಿಲ್ಲಿಸಿದ ಮಾರನೇ ದಿನದಿಂದ ಈ ನೆಂಟರನ್ನ ಸರ್ಜನ್ ಹತ್ತಿರ ಕಳಿಸೋದು ಸಾಧ್ಯವೇ ಇಲ್ಲ. ನಾನು ಬೇಕಾದರೆ ಬರೆದುಕೊಡ್ತೀನಿ.

ಇಲ್ಲಿ ನನ್ನ ಮಾತು ಒಂದಿದೆ. ಮಾವನ ವಾದದಲ್ಲಿ ನನಗೆ ಎಲ್ಲಕ್ಕಿಂತ ಬಲವಾಗಿ ಕಂಡದ್ದು ಇದು. ಇದಕ್ಕೆ ಯಾವ ಪುಸ್ತಕದ ಅಂಕಿಯೂ ಬೇಕಿಲ್ಲ. ನಮ್ಮ ನಮ್ಮ ಮನೆಗಳಲ್ಲೇ ನೋಡಿದರೆ ಸಾಕು. ಆದರೆ ಸೊಸೆ ಇದೇ ಜಾಗದಲ್ಲಿ ಅವರನ್ನು ಹಿಡಿದಳು.

ಸೊಸೆ: ರೋಗಿಗಳನ್ನ ನಂಬೋ ಹಾಗಿಲ್ಲ, ಆದ್ದರಿಂದ ಆಸ್ಪತ್ರೆಯಲ್ಲೇ ಎಲ್ಲ ಮುಗಿಸಿಬಿಡಬೇಕು ಅಂತ ಸ್ಯಾನಿಟೋರಿಯಂ ಕಾಲದವರೂ ಅಂದಿದ್ದರಲ್ಲ ಮಾವ? ನೀವೇ ಹೇಳ್ತಿದ್ದಿರಿ, ನಾನು ಸ್ಕೂಲಿಗೆ ಹೋಗುವಾಗಿಂದ. ಮದ್ರಾಸಿನಲ್ಲಿ ಏನಾಯಿತು?

ಮಾವ: ಅದನ್ನ ನನ್ನ ಮೇಲೇ ತಿರುಗಿಸ್ತೀಯಾ?

ಸೊಸೆ: ಹೇಳಿ.

ಮಾವ: 1959ರ ವರದಿ. ಅರ್ಧ ಜನಕ್ಕೆ ಸ್ಯಾನಿಟೋರಿಯಂ ಹಾಸಿಗೆ, ಹಾಲು, ಮೊಟ್ಟೆ, ವಿಶ್ರಾಂತಿ. ಅರ್ಧ ಜನಕ್ಕೆ ಅವರವರ ಕಿಷ್ಕಿಂಧೆಯಂಥ ಮನೆಯಲ್ಲೇ ಅದೇ ಔಷಧಿ. ವರ್ಷದ ಕೊನೆಗೆ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ. ಮನೆಯವರಿಗೆ ಹೆಚ್ಚು ಅಂಟಲೂ ಇಲ್ಲ. ಸ್ಯಾನಿಟೋರಿಯಂಗಳು ಖಾಲಿಯಾದವು. ನಮ್ಮ ಮೇಷ್ಟ್ರುಗಳು ಒಪ್ಪೋಕೆ ಎಷ್ಟೋ ವರ್ಷ ಹಿಡೀತು.

ಸೊಸೆ: ಹಾಗಾದರೆ ಹಿಂಬಾಲಿಸೋ ವ್ಯವಸ್ಥೆ ಇದ್ದರೆ ಸಣ್ಣ ಚಿಕಿತ್ಸೆಯೂ ಸಾಕಾಗುತ್ತೆ. ನನ್ನ ಚಿಕಿತ್ಸೆ ತಪ್ಪಲ್ಲ, ಅದರ ಹಿಂದೆ ಯಾರೂ ಇಲ್ಲದಿರೋದು ತಪ್ಪು.

ಮಾವ: ಆ ಮದ್ರಾಸಿನಲ್ಲಿ ಮನೆಮನೆಗೆ ಹೋಗಿ ಮಾತ್ರೆ ಎಣಿಸಿ ಬರೋರಿದ್ದರು ಕಣೇ. ನಿನ್ನ ಆಸ್ಪತ್ರೆಯಲ್ಲಿ ಯಾರಿದ್ದಾರೆ? ಬಿಲ್ ಕೌಂಟರಿನ ಹುಡುಗಿನಾ?

ಸೊಸೆ ನಕ್ಕಳು. ಉತ್ತರ ಕೊಡಲಿಲ್ಲ. ಕಾಫಿ ಬಂತು.

ಮಾವ: ಇನ್ನೊಂದು ಉಳೀತು. ಆಡಮ್‌ಕೀವಿಚ್.

ಸೊಸೆ: ಅದನ್ನ ಬಿಡಲ್ಲ ಅಂತ ಗೊತ್ತಿತ್ತು.

ಮಾವ: (ನನಗೆ) ಪೋಲೆಂಡಿನವನು, 1882ರಲ್ಲಿ ಬೆನ್ನುಹುರಿಯ ರಕ್ತನಾಳಗಳನ್ನ ಬಿಡಿಸಿ ತೋರಿಸಿದ. ಬೆನ್ನುಹುರಿಯ ಕೆಳಭಾಗಕ್ಕೆ ರಕ್ತ ಕೊಡೋ ಮುಖ್ಯ ನಾಳಕ್ಕೆ ಅವನ ಹೆಸರು. ಇವಳು ಮುಚ್ಚೋ ನಾಳಗಳ ಅಕ್ಕಪಕ್ಕವೇ ಬೆನ್ನುಹುರಿಗೆ ಹೋಗೋ ಎಳೆಗಳೂ ಹೊರಡ್ತವೆ. ಬಲಗಡೆಯಂತೂ ಪಕ್ಕೆಲುಬಿನ ನಾಳ, ಶ್ವಾಸನಾಳದ ನಾಳ ಎರಡೂ ಒಂದೇ ಬುಡದಿಂದ. ಒಂದು ಕಣ ದಾರಿ ತಪ್ಪಿತೋ, ಕೆಮ್ಮಿಗೆ ಅಂತ ಬಂದವನು ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲದೆ ಮನೆಗೆ ಹೋಗ್ತಾನೆ. ನಮ್ಮ ನೆಂಟರದ್ದು ಯಾವ ಕಡೆ? ಬಲಗಡೆ.

ಸೊಸೆ: ಒಪ್ತೀನಿ. ಅದಕ್ಕೇ ಮೊದಲು ಬರೀ ಡೈ ಬಿಟ್ಟು ನೋಡೋದು. ಬೆನ್ನುಹುರಿಯ ನಾಳ ಮೇಲೆ ಹತ್ತಿ ಚಟ್ಟನೆ ಕೆಳಗೆ ತಿರುಗುತ್ತೆ, ಆ ತಿರುವು ಪರದೆಯಲ್ಲಿ ಕಂಡರೆ ಅಲ್ಲಿ ಕಣ ಬಿಡೋ ಪ್ರಶ್ನೆಯೇ ಇಲ್ಲ. ಅದನ್ನ ದಾಟಿ ಸಣ್ಣ ಕೊಳವೆ ಮುಂದೆ ಹೋದರೆ ಮಾತ್ರ, ಇಲ್ಲದಿದ್ದರೆ ಹಾಗೇ ವಾಪಸ್. ರೋಗಿ ಎಚ್ಚರವಾಗಿರ್ತಾರೆ ಅಂದೆನಲ್ಲ, ನಡುನಡುವೆ ಕಾಲ್ಬೆರಳು ಆಡಿಸಿ ಅಂತೀವಿ. ಸಣ್ಣ ಕೊಳವೆ ಬಂದ ಮೇಲೆ ಈ ಅಪಾಯ ಬಹಳ ಕಡಿಮೆಯಾಗಿದೆ. ಸೊನ್ನೆ ಆಗಿಲ್ಲ. ಎದೆನೋವು, ಸ್ವಲ್ಪ ಜ್ವರ, ಎರಡು ದಿನ ನುಂಗೋಕೆ ಕಷ್ಟ, ಇವು ಸಾಮಾನ್ಯ, ತಾವೇ ಹೋಗ್ತವೆ.

ಮಾವ: ಇದನ್ನ ಅವರಿಗೆ ಹೇಳಿದೆಯಾ?

ಸೊಸೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಹೇಳ್ತೀನಿ, ಯಾವಾಗಲೂ.

ಮಾವ: ಆಗ ಸ್ಟ್ರೆಚರ್ ಮೇಲೆ ಮಲಗಿರ್ತಾರೆ, ಹೆಂಡತಿ ಕೈ ಹಿಡ್ಕೊಂಡು ನಿಂತಿರ್ತಾಳೆ. ಏನು ಹೇಳಿದರೂ ಹೂಂ. ಈಗಲೇ ಹೇಳು, ಮನೆಯಲ್ಲಿ ಕೂತಿರುವಾಗ. ನಾನು ಆಪರೇಷನ್ನಿನ ಅಪಾಯ ಪೂರ್ತಿ ಹೇಳ್ತೀನಿ, ನೀನು ನಿನ್ನದು ಹೇಳು.

ಸೊಸೆ: ಸರಿ. ಇವತ್ತು ಸಂಜೆ ಹೇಳ್ತೀನಿ. ನೀವೂ ಒಂದು ಒಪ್ಪಬೇಕು. ಆಪರೇಷನ್ ಆಗಲಿ ಬಿಡಲಿ, ಅದಕ್ಕೆ ಮುಂಚೆ ನಾಳ ಮುಚ್ಚಿದರೆ ಸರ್ಜನ್‌ಗೇ ಅನುಕೂಲ. ಮೇಜಿನ ಮೇಲೆ ರಕ್ತ ಕಡಿಮೆ ಹೋಗುತ್ತೆ, ಊದೋ ಪರೀಕ್ಷೆ ಮಾಡಿಸೋಕೆ, ತೂಕ ಹೆಚ್ಚಿಸೋಕೆ ಕೆಲವು ವಾರ ಸಿಗುತ್ತೆ.

ಮಾವ: ಆ ವಾರಗಳಲ್ಲಿ ಏನೇನು ಮಾಡ್ತೀಯ, ಅದರ ಮೇಲೆ ನನ್ನ ಒಪ್ಪಿಗೆ. ಕಫವನ್ನ ಮತ್ತೆ ಕ್ಷಯದ ಸಿಬಿನಾಟ್ ಪರೀಕ್ಷೆಗೆ ಕಳಿಸಿದರಾ? ಹಳೆಯ ಕ್ಷಯವೇ ತಿರುಗಿ ಬಂದಿದ್ದರೆ ನೀನು ಮುಚ್ಚಿದ್ದೂ ವ್ಯರ್ಥ, ನಾನು ಕೊಯ್ಸಿದ್ದೂ ವ್ಯರ್ಥ.

ಸೊಸೆ: ಕಳಿಸಿದ್ದಾರೆ. ವರದಿ ಬಂದಿಲ್ಲ.

ಮಾವ: ಬೂಷ್ಟಿಗೆ ಮಾತ್ರೆ?

ಸೊಸೆ: ಗುಳಿ ಒಂದೇ ಇದ್ದು ಉಂಡೆ ಒಂದೇ ಇದ್ದರೆ ಮಾತ್ರೆ ಅದರೊಳಗೆ ಅಷ್ಟಾಗಿ ಇಳಿಯಲ್ಲ. ರೋಗ ಸುತ್ತಲೂ ಹಬ್ಬಿದ್ದರೆ ಉಪಯೋಗ ಇದೆ. ಚಂಡೀಗಢದ ಪಿ.ಜಿ.ಐ.ನವರು 2013ರಲ್ಲಿ ಬರೆದಿದ್ದಾರೆ. ಆರು ತಿಂಗಳು ಇಟ್ರಕೊನಜೋಲ್ ತಗೊಂಡವರಲ್ಲಿ ಮುಕ್ಕಾಲು ಪಾಲು ಸುಧಾರಿಸಿದರು, ತಗೊಳ್ಳದವರಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು.

ಮಾವ: ಎಷ್ಟು ಜನರ ಮೇಲೆ?

ಸೊಸೆ: ಮೂವತ್ತೊಂದು.

ಮಾವ: ಮೂವತ್ತೊಂದು ಜನ! ಇರಲಿ, ಇಲ್ಲದ್ದಕ್ಕಿಂತ ವಾಸಿ. ಆರು ತಿಂಗಳು ಮಾತ್ರೆ ನುಂಗಿಸೋದು ಹೇಗೆ ಅಂತ ನನಗೆ ಗೊತ್ತು, ಅದನ್ನ ನನಗೆ ಬಿಡು. ಆದರೆ ಹಾಲೆ ತೆಗೆಸೋದೇ ಸರಿ ಅನ್ನೋ ನನ್ನ ಮಾತಿಂದ ನಾನು ಹಿಂದೆ ಸರಿದಿಲ್ಲ.

ಸೊಸೆ: ಅವರ ಉಸಿರು ಅದಕ್ಕೆ ತಡೆಯಲ್ಲ ಅನ್ನೋ ನನ್ನ ಅನುಮಾನವೂ ಹೋಗಿಲ್ಲ. ಊದೋ ಪರೀಕ್ಷೆ ಆಗಲಿ, ನೋಡೋಣ.

ಮಾವ: ತಡೆಯಲ್ಲ ಅಂತ ಬಂದರೆ?

ಸೊಸೆ: ಆಗ ನಾನೇ ಗತಿ. ಎಷ್ಟು ಸಲ ಬೇಕಾದರೂ.

ಮಾತು ಅಲ್ಲಿಗೆ ನಿಂತಿತು, ಮುಗಿಯಲಿಲ್ಲ. ಸಂಜೆ ಇಬ್ಬರೂ ಒಟ್ಟಿಗೇ ನೆಂಟರ ಮನೆಯವರ ಜೊತೆ ಕೂತು ಎರಡೂ ಚಿಕಿತ್ಸೆಯ ಒಳಿತು ಕೆಡುಕು ಹೇಳಿದರು. ನಾಳ ಮುಚ್ಚಿಸುವುದಕ್ಕೆ ಅವರು ಒಪ್ಪಿದ್ದಾರೆ. ಸರ್ಜನ್ ಹತ್ತಿರ ಹೋಗುವ ಮಾತಿಗೆ ಇನ್ನೂ ಹೂಂ ಅಂದಿಲ್ಲ.

ನಿಮ್ಮ ಮನೆಯಲ್ಲಿ ಹಿಂದೆ ಕ್ಷಯವಾಗಿ ವಾಸಿಯಾದವರಿದ್ದರೆ ಆಗಿನ ಎಕ್ಸ್‌ರೇ, ಚೀಟಿಗಳನ್ನು ಎಸೆಯಬೇಡಿ. ಗುಳಿ ಯಾವ ಕಡೆ ಉಳಿದಿದೆ ಎಂದು ಒಂದು ಸಲ ವೈದ್ಯರಿಂದ ಕೇಳಿ ತಿಳಿದುಕೊಂಡಿರಿ. ಕಫದಲ್ಲಿ ಒಂದು ಚಮಚ ರಕ್ತ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಜೋರಾಗಿ ಬಂದರೆ ಅಂಗಾತ ಮಲಗಿಸಬೇಡಿ; ರೋಗವಿರುವ ಕಡೆ ಕೆಳಗಾಗುವಂತೆ ಮಗ್ಗುಲು ಮಲಗಿಸಿ, ಹಾಗೆಯೇ ಆಂಬುಲೆನ್ಸಿಗೆ ಹತ್ತಿಸಿ.